ಅವ್ವನ ಕಂಪ್ಯೂಟರಿನಲ್ಲಿ ಹಿಡಿಸದ ಗಂಟು

ಅವ್ವನ ಕಣ್ಣು ಮಂಜಾದಾಗಿನಿಂದ ಅವಳಿಗೆ ಪತ್ರಿಕೆ ಓದಿ ಹೇಳುತ್ತಿದ್ದವರು ಅಪ್ಪ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಇದ್ದರೆ ಹಿಂದಿನ ದಿನವೇ ಸಂಜೆ ಪತ್ರಿಕೆ ಓದಿ, ಅವಳ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು, ಪತ್ರಿಕೆಯನ್ನು ಬೆರಳುದ್ದದ ಅಕ್ಷರಗಳಲ್ಲಿ ತೋರಿಸುವ ಸಣ್ಣ ತಂತ್ರಾಂಶವೊಂದನ್ನು ಬರೆದೆ. ಸಣ್ಣದು ಎಂದು ನಾನು ಹೇಳಿದ್ದಷ್ಟೇ. ಇನ್‌ಸ್ಟಾಲ್ ಮಾಡಲು ಅದರ ಫೈಲುಗಳನ್ನೆಲ್ಲ ಸೇರಿಸಿ ಕಟ್ಟಿದ ಗಂಟು ಒಂದು ಜಿಬಿ ದಾಟಿತ್ತು.

ಅಷ್ಟು ಜಾಗ ಆ ಹಳೆಯ ಕಂಪ್ಯೂಟರಿನಲ್ಲಿ ಇರಲಿಲ್ಲ. "ಅಪ್ಪನ ರೆಕಾರ್ಡಿಂಗ್ ಪೆನ್‌ಡ್ರೈವಿಗೆ ಹಾಕಿಡ್ತೀನಿ" ಎಂದೆ.

"ಮೂರು ಪೆನ್‌ಡ್ರೈವ್ ಕಳಕೊಂಡಾಕಿ ನೀ" ಎಂದಳು ಅವ್ವ. "ಬ್ಯಾಡಾದದ್ದು ನಾನೇ ಕೇಳಿ ಅಳಸ್ತೀನಿ."

ಹಳೇ ಸುದ್ದಿ ತಾನೇ, ಅಳಿಸಲಿ ಎಂದುಕೊಂಡೆ. ಇತ್ತ ನಾನು ಒಂದು ಫಾಂಟ್ ತೆಗೆದು ಕಟ್ಟಿದೆ, ಗಂಟು ಹಿಗ್ಗಿತು. ಚಿತ್ರಗಳನ್ನು ತೆಗೆದೆ, ಇನ್ನೂ ಹಿಗ್ಗಿತು. ಹತ್ತು ವರ್ಷದಿಂದ ಪುಣೆಯ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಸಂಬಳ ಎಣಿಸಿದವಳಿಗೆ ತಲೆ ಕೆಟ್ಟುಹೋಯಿತು.

"ಒಳಗೇನದ, ಬಿಚ್ಚಿ ನೋಡಿದಿಯೇನ?" ಎಂದು ಅವ್ವ ಕೇಳಿದಳು. ಊರಿಗೆ ಹೊರಟಾಗಲೆಲ್ಲ, ಸ್ವಾರಗೇಟ್ ನಿಲ್ದಾಣದ ಬಸ್ಸಿಗೆ ಹೊತ್ತಾದರೂ, ಕಟ್ಟಿದ ಚೀಲವನ್ನು ಮಂಚದ ಮೇಲೆ ಸುರುವಿ ಮತ್ತೆ ಕಟ್ಟುವವಳು ಅವಳು. ಅದಕ್ಕಾಗಿ ನಾನು ಅವಳನ್ನು ಕಾಡಿಸದ ಪ್ರಯಾಣವಿಲ್ಲ.

ಬಿಚ್ಚಿ ನೋಡಿದೆ. ಒಳಗೆ ನಿನ್ನೆಯ ಗಂಟಿತ್ತು. ಅದರೊಳಗೆ ಮೊನ್ನೆಯದು. ಕಟ್ಟಿದ್ದನ್ನು ಅದೇ ಫೋಲ್ಡರಿನಲ್ಲಿಟ್ಟು, ಪ್ರತಿ ಸಲ ಇಡೀ ಫೋಲ್ಡರನ್ನೇ ಮತ್ತೆ ಕಟ್ಟುತ್ತಿದ್ದೆ, ಜಾಣೆ. ಹಳೆಯವನ್ನು ಹೊರಗಿಟ್ಟು ಕಟ್ಟಿದರೆ ಕಾಲು ಭಾಗವೂ ಉಳಿಯಲಿಲ್ಲ.

ಹಿಗ್ಗಿನಿಂದ ಹೇಳಲು ಎದ್ದವಳಿಗೆ ಥಟ್ಟನೆ ಭಯವಾಯಿತು. ಅವ್ವ ಮೂರು ದಿನದಿಂದ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಎಷ್ಟು ಅಳಿಸಿದಿ?"

"ಒಂದೂ ಇಲ್ಲ" ಎಂದಳು ತಪ್ಪು ಮಾಡಿದವಳಂತೆ. "ಸುದ್ದಿ ಎಲ್ಲಾ ಹಳೇದೇ ಅದ. ಆದ್ರ ಪ್ರತಿಯೊಂದರ ಕೊನೀಗೂ, 'ಚಹಾ ಕುಡದಿಯೇನ?' ಅಂತ ಕೇಳ್ತಾರ."