ಬನ್ನಿ ಮುಡಿಯುವ ಮುಂಚೆ ಹೊರಟ ಮೋಟಾರು

ಫ್ಯಾನಿನ ಪಟ್ಟಿ ಹರಿದಿರಬಹುದು. ನೀರು ಸೋರಿಹೋಗಿರಬಹುದು. ಎಂಜಿನ್ನೇ ಬಿರಿದಿರಬಹುದು, ಇನ್ನೊಂದು ಗಳಿಗೆಗೆ ಪೆಟ್ರೋಲಿಗೆ ಕಿಡಿ ತಾಗಿ ನಾವೆಲ್ಲ... ಮೊನ್ನೆ ತಳಕಲ್ ಹತ್ತಿರ ಬಸ್ಸು ಕುದಿದು ನಿಂತಾಗ, ಆವಿಯ ವಾಸನೆ ಮೂಗಿಗೆ ಬಡಿಯುತ್ತಲೇ ಇಷ್ಟನ್ನೂ ಎಣಿಸಿ ಮುಗಿಸಿದ್ದೆ. ಹಿಂದೊಮ್ಮೆ ಇದೇ ವಾಸನೆಯಲ್ಲಿ ಇದೇ ಎಣಿಕೆ ಹಾಕಿದ್ದೆ, ನಮ್ಮ ಅತ್ತೆಯ ಎದುರಿಗೆ.

ಅತ್ತೆಯೆಂದರೆ ಹೆಂಡತಿಯ ತಾಯಿ. ನನ್ನ ಸೋದರಮಾವನ ಹೆಂಡತಿ. ಚೊಚ್ಚಲ ಹೆರಿಗೆಗೆಂದು ನನ್ನವಳು ತಾವರಗೇರಾದ ತವರಿನಲ್ಲಿದ್ದಳು. ಹಬ್ಬಕ್ಕೆಂದು ನಾನೂ ಅಲ್ಲಿಗೆ ಹೋಗಿದ್ದೆ. ದಸರೆಯ ದಿನ ಬೆಳಗ್ಗೆ ಸೂಲಗಿತ್ತಿ ಕೈಚೆಲ್ಲಿದಳು: "ಕೂಸು ಅಡ್ಡ ಐತ್ರಿ. ಕೊಪ್ಪಳದ ದವಾಖಾನಿಗೆ ಒಯ್ಯಿರಿ, ತಡಾ ಮಾಡಬ್ಯಾಡ್ರಿ."

ಮಾವನ ಮೋಟಾರಿತ್ತು. ಆದರೆ ಹಿಂದಿನ ದಿನವಷ್ಟೇ ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಅದಕ್ಕೂ ಪೂಜೆಯಾಗಿತ್ತು. ಸಂಜೆ ಬನ್ನಿ ಮುಡಿಯುವ ತನಕ ಪೂಜೆಗಿಟ್ಟದ್ದನ್ನು ಕದಲಿಸುವಂತಿಲ್ಲ. ಮಾವ ಹಿಂದೆಮುಂದೆ ನೋಡಿದರು. ಅತ್ತೆ ಮಗಳನ್ನು ತೋಳಲ್ಲಿ ಹಿಡಿದು ತಂದು ಮೋಟಾರಿನಲ್ಲಿ ಕೂಡಿಸಿಯೇ ಬಿಟ್ಟರು.

ಕುಷ್ಟಗಿ ದಾಟಿದ ಮೇಲೆ ಮೋಟಾರಿನ ಮೂತಿಯ ಮೇಲೆ ಎಂಜಿನ್ ನೀರಿನ ಕಾವು ತೋರಿಸುವ ಗಾಜಿನ ಬುರುಡೆಯಲ್ಲಿ ಕೆಂಪು ರಸ ಏರತೊಡಗಿತು. ಜ್ವರ ಏರಿದ ಹಾಗೆ! ಮಾವ ಇನ್ನಷ್ಟು ಜೋರು ಓಡಿಸಿದರು. ಹಿಂದೆ ನನ್ನವಳು ನರಳುತ್ತಿದ್ದಳು.

"ನಿಂದರಸ್ರಿ," ಅಂದರು ಅತ್ತೆ. "ನಡುದಾರ್ಯಾಗ ಸುಟ್ಟುಕೊಂಡು ನಿಂತ್ರ ಕೊಪ್ಪಳಕ್ಕ ಹೊತ್ಕೊಂಡು ಹೋಗ್ತೀರೇನು?"

ಮೋಟಾರು ನಿಂತಿತು. ಭುಸುಗುಡುವ ನೀರಿನ ಮುಚ್ಚಳ ತಿರುವಲು ನಾನು ಓಡಿದೆ. ಅತ್ತೆ ಹಿಂದಿನಿಂದ ಅಂಗಿ ಹಿಡಿದೆಳೆದರು.

"ಕುದಿಯೋ ಗಡಿಗಿಗೆ ಮುಖಾ ಕೊಡ್ತಾರೇನೋ ಅಳಿಯಾ? ಆರಲಿ ತಡಿ."

"ಅತ್ತಿ, ಎಂಜಿನ್ನ ಬಿರಿದಿದ್ರ..."

"ಬಿರಿದ್ರ ನಿನ್ನ ಬಾಯಿಂದನ ಬಿರೀಬೇಕು! ಮುಂಜಾನಿಂದ ಬರೇ ಅಪಶಕುನಾನ ಆಡಾಕತ್ತಿ."

ಹಾಗನ್ನುತ್ತ ಮೋಟಾರಿನ ಮುಂದೆ ಬಂದವರು ಅದರ ಮೂತಿ ನೋಡಿದರು. ಆಮೇಲೆ ನಕ್ಕರು. ಹಿಂದಿನ ದಿನ ಅವರೇ ಮೋಟಾರನ್ನು ಲಕ್ಷ್ಮಿಯೆಂದು ಪೂಜಿಸಿ, ಹೊಸ ಹಸಿರು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೂತಿಗೆ ಉಡಿಸಿ, ಅಕ್ಕಿ ಕೊಬ್ಬರಿ ಕಟ್ಟಿ ಉಡಿ ತುಂಬಿದ್ದರು. ಗಾಳಿ ಹೋಗಬೇಕಾದ ಜಾಲರಿಯೆಲ್ಲ ಮುಚ್ಚಿತ್ತು. ಹೊರಡುವ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ಬಿಚ್ಚಬ್ಯಾಡ. ಒಂದು ನೇಮ ಮುರದೀವಿ, ಸಾಕು," ಎಂದರು ಮಾವ.

"ನಾನ ಉಡಿಸೀನಿ, ನಾನ ಬಿಚ್ಚತೀನ್ರಿ. ಲಕ್ಷ್ಮಿಗೂ ಉಸುರು ಬೇಕಲ್ಲ?"

ಗಂಟು ಬಿಚ್ಚಿ, ಆ ಅಕ್ಕಿ ಕೊಬ್ಬರಿಯನ್ನು ಮಗಳ ಉಡಿಗೆ ಸುರಿದು, ಸೀರೆಯನ್ನು ಅವಳಿಗೆ ಹೊದಿಸಿದರು. ಕೆಂಪು ರಸ ಮೆಲ್ಲಗೆ ಇಳಿಯಿತು. ಮುಚ್ಚಳ ಆರಿದ ಮೇಲೆ ಮಾವ ಎಂಜಿನ್ ಶುರುಮಾಡಿ, ಪಕ್ಕದ ಹೊಲದ ಬಾವಿಯಿಂದ ತಂದ ನೀರನ್ನು ಸಣ್ಣ ಧಾರೆಯಲ್ಲಿ ಹಾಕಿದರು. ಕೊಪ್ಪಳ ಮುಟ್ಟುವ ತನಕ ಮೋಟಾರು ಮತ್ತೆ ಕುದಿಯಲಿಲ್ಲ. ಅಂದು ಮಧ್ಯಾಹ್ನವೇ ಮಗಳು ಹುಟ್ಟಿದಳು. ತಾಯಿಯೂ ಉಳಿದಳು.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು... ಮೊನ್ನೆ ಬಸ್ಸಿನಿಂದಿಳಿದು ನನ್ನ ಎಣಿಕೆಯನ್ನೆಲ್ಲ ಗಟ್ಟಿಯಾಗಿಯೇ ಹೇಳಿದೆ. ಪಕ್ಕದಲ್ಲಿದ್ದವರು ಪಾಪ, ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಯಾರೂ ಬೈಯಲಿಲ್ಲ.