ಬಿಸಿಯೂಟದವರ ಜೊತೆ ಹುತ್ರಿದುರ್ಗಕ್ಕೆ

ಪಿಯುಸಿ ಮುಗಿದ ವರ್ಷ ನಾನು ಬಿ.ಕಾಂ. ಅರ್ಜಿ ತರುತ್ತೇನೆಂದು ತುಮಕೂರಿಗೆ ಹೋದವಳು ಪ್ರವಾಸೋದ್ಯಮ ಮತ್ತು ಈವೆಂಟ್ ಮ್ಯಾನೇಜ್‌ಮೆಂಟ್ ಪದವಿಯ ಅರ್ಜಿ ಹಿಡಿದುಕೊಂಡು ಬಂದೆ. ಬಿ.ಕಾಂ. ಸಾಲು ಕಾಲೇಜಿನ ಗೇಟಿನವರೆಗೂ ಇತ್ತು. ಪಕ್ಕದ ಮೇಜಿನ ಮುಂದೆ ಯಾರೂ ಇರಲಿಲ್ಲ. ಅಲ್ಲಿ ಕೂತಿದ್ದ ಮೇಡಂ ನನ್ನನ್ನು ಕರೆದು ನೀರು ಕೊಟ್ಟು, ಊರು ಯಾವುದು, ದಿನಾ ಓಡಾಡಲು ಬಸ್ಸಿದೆಯಾ ಎಂದೆಲ್ಲ ವಿಚಾರಿಸಿದರು. ಅಷ್ಟಕ್ಕೇ ನಾನು ಕರಗಿಹೋದೆ.

ನಮ್ಮೂರು ಗುಬ್ಬಿಯ ಪಕ್ಕದ ಒಂದು ಹಳ್ಳಿ. ಅಪ್ಪ ತೆಂಗಿನಕಾಯಿ ಮಂಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಈಗಲೂ ಮಾಡುತ್ತಾಳೆ. ಅರ್ಜಿ ನೋಡಿದ ಅಪ್ಪ ಅದನ್ನು ಅಮ್ಮನ ಕೈಗೆ ಕೊಟ್ಟರು. ಇದರಲ್ಲಿ ಏನು ಹೇಳಿಕೊಡುತ್ತಾರೆ ಎಂದು ಅಮ್ಮ ಕೇಳಿದಳು. ಜನರನ್ನು ಕರೆದುಕೊಂಡು ಹೋಗಿ ಊರು ತೋರಿಸುವುದು, ಸಮಾರಂಭ ನಡೆಸುವುದು ಎಂದೆ.

"ಅದಕ್ಕೂ ಡಿಗ್ರಿ ಬೇಕಾ?" ಎಂದವಳು, ಮತ್ತೆ ತಾನೇ ಹೇಳಿದಳು. "ಬೇಕೇನೋ ಬುಡು. ನಮ್ಮನ್ನ ಇದುವರ್ಗೂ ಯಾರೂ ಎಲ್ಗೂ ಕರ್ಕೊಂಡೋಗಿಲ್ವಲ್ಲ."

ಹಾಗೆ ನನ್ನ ಓದು ಶುರುವಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ತುಮಕೂರು, ಸಂಜೆ ಮತ್ತೆ ಊರು. ತರಗತಿಯಲ್ಲಿ ಇದ್ದವರು ಹದಿನಾರು ಜನ. ಟಿಕೆಟ್ ಕಾಯ್ದಿರಿಸುವುದರಿಂದ ಹಿಡಿದು ವೇದಿಕೆಯ ಮೇಲೆ ಗಣ್ಯರನ್ನು ಯಾವ ಕ್ರಮದಲ್ಲಿ ಕೂರಿಸಬೇಕು ಎನ್ನುವವರೆಗೆ ಎಲ್ಲವನ್ನೂ ಕಲಿಸುತ್ತಿದ್ದರು. ಕಾಗದದ ಮೇಲೆ ನಾನು ಚುರುಕು. ಬಾಯಿ ಬಿಡುವುದೆಂದರೆ ಮಾತ್ರ ನಡುಕ. ಎರಡನೇ ವರ್ಷ ಗೈಡ್ ಕೆಲಸದ ಅಭ್ಯಾಸಕ್ಕೆಂದು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದರು. ನಾನು ನಾಲ್ಕು ಪುಟ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನನ್ನ ಸರದಿ ಬಂದಾಗ ಬೆಟ್ಟದ ಕಡೆ ಮುಖ ಮಾಡಿ ಒಂದೇ ಉಸಿರಿಗೆ ಅಷ್ಟನ್ನೂ ಒಪ್ಪಿಸಿದೆ. ತಿರುಗಿ ನೋಡಿದರೆ ಅರ್ಧ ಜನ ಕಡಲೆಕಾಯಿ ಕೊಳ್ಳಲು ಹೋಗಿದ್ದರು.

ಅರ್ಜಿಯ ದಿನ ನೀರು ಕೊಟ್ಟಿದ್ದ ಮೇಡಂ ಅವರೇ ನಮಗೆ ಪಾಠ ಮಾಡುತ್ತಿದ್ದರು. ಅವರು ಎಲ್ಲರೆದುರು ಏನೂ ಅನ್ನಲಿಲ್ಲ. ಇಳಿಯುವಾಗ ಪಕ್ಕದಲ್ಲಿ ನಡೆಯುತ್ತಾ ಹೇಳಿದರು. "ಮುಖ ನೋಡೋಕೆ ಭಯ ಆದ್ರೆ ಬಂದವರ ಕಾಲು ನೋಡು. ನಿಂತ ಕಾಲು ಬದಲಾಯಿಸ್ತಾ ಇದ್ರೆ ಮಾತು ನಿಲ್ಸು. ಸುಮ್ನೆ ನಿಂತಿದ್ರೆ ಅವರ ಪಾಡಿಗೆ ಬಿಡು." ಮೂರು ವರ್ಷದಲ್ಲಿ ನಾನು ಕಲಿತ ಪಾಠಗಳಲ್ಲಿ ಪುಸ್ತಕ ತೆರೆಯದೆ ಈಗಲೂ ಹೇಳಬಲ್ಲದ್ದು ಇದೊಂದೇ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ದಿನದ ಪ್ರವಾಸವನ್ನು ನಿಜವಾಗಿಯೇ ಏರ್ಪಡಿಸಿ ನಡೆಸಬೇಕಿತ್ತು. ಕನಿಷ್ಠ ಏಳು ಮಂದಿ ಬರಬೇಕು, ಸಹಪಾಠಿಗಳು ಲೆಕ್ಕಕ್ಕಿಲ್ಲ, ಮೇಡಂ ಜೊತೆಗಿದ್ದು ಅಂಕ ಕೊಡುತ್ತಾರೆ. ಉಳಿದವರಿಗೆ ತುಮಕೂರಿನಲ್ಲಿ, ಬೆಂಗಳೂರಿನಲ್ಲಿ ನೆಂಟರು, ಅವರ ಸ್ನೇಹಿತರು ಇದ್ದರು. ನಾನು ಕುಣಿಗಲ್ ಕೆರೆ, ಹುತ್ರಿದುರ್ಗದ ಕೋಟೆ ಎಂದು ಚೆಂದದ ಹಾಳೆ ತಯಾರಿಸಿ ಕಂಡಕಂಡವರನ್ನು ಕೇಳಿದೆ. ಒಬ್ಬರೂ ಸಿಗಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅಮ್ಮನನ್ನು ಕರೆತರಲು ಶಾಲೆಯ ಅಡುಗೆಮನೆಗೆ ಹೋದೆ. ಸುತ್ತಿನ ಶಾಲೆಗಳ ಅಡುಗೆಯವರೂ ಯಾವುದೋ ಫಾರಂ ತುಂಬಲು ಬಂದಿದ್ದರು. ಅಮ್ಮನೂ ಸೇರಿ ಒಟ್ಟು ಏಳು ಜನ. ಅವರಲ್ಲಿ ಎಲ್ಲರಿಗಿಂತ ಹಿರಿಯರನ್ನು ಊರೆಲ್ಲ ದೊಡ್ಡಕ್ಕ ಎನ್ನುತ್ತಿತ್ತು. ಫಾರಂ ತುಂಬಿಕೊಡುತ್ತಾ ನಾನು ಸುಮ್ಮನೆ, ನೀವೆಲ್ಲ ಎಲ್ಲೆಲ್ಲಿಗೆ ಪ್ರವಾಸ ಹೋಗಿದ್ದೀರಿ ಎಂದು ಕೇಳಿದೆ. ಒಬ್ಬರು ಹರಕೆ ತೀರಿಸಲು ಧರ್ಮಸ್ಥಳಕ್ಕೆ ಹೋಗಿದ್ದರು. ಇನ್ನೊಬ್ಬರು ಮಗಳ ಹೆರಿಗೆಗೆ ತುಮಕೂರಿನ ಆಸ್ಪತ್ರೆಯಲ್ಲಿ ವಾರ ಇದ್ದದ್ದನ್ನೇ ಪ್ರವಾಸವೆಂದು ಹೇಳಿದರು. ದೊಡ್ಡಕ್ಕ ಬೆರಳು ಮಡಚಿ ಎಣಿಸಲು ಹೋಗಿ ಕೈಬಿಟ್ಟರು.

"ಕೆಲ್ಸ ಇಲ್ದೆ ನಾನು ಎಲ್ಗೂ ಹೋಗಿಲ್ಲ ಕಣವ್ವ."

ನನ್ನ ಹಾಳೆಯಲ್ಲಿ ಬರುವವರ ಹೆಸರಿಗೆಂದು ಬಿಟ್ಟು, ಖಾಲಿಯೇ ಉಳಿದಿದ್ದ ಏಳು ಗೆರೆಗಳು ಆಗ ನೆನಪಾದವು.

ನೀವೇ ಬನ್ನಿ ಎಂದು ಕರೆದೆ. ಅಮ್ಮ ಒಪ್ಪಲಿಲ್ಲ. ನಾವು ಬಂದರೆ ನಿನಗೆ ಮಾರ್ಕ್ಸು ಕಡಿಮೆ ಬೀಳುತ್ತದೆ, ಓದಿಕೊಂಡವರನ್ನು ಕರೆದುಕೊಂಡು ಹೋಗು ಎಂದಳು. ಉಳಿದವರಿಗೆ ಆಸೆ, ಆದರೆ ಮನೆಯಲ್ಲಿ ಏನೆಂದು ಹೇಳುವುದು? ಏಳು ಜನ ಆಗದಿದ್ದರೆ ಮಾರ್ಕ್ಸೇ ಇಲ್ಲ ಎಂದ ಮೇಲೆ ಅಮ್ಮ ಒಪ್ಪಿದಳು. ನಾನು ಉಳಿದ ಆರೂ ಮನೆಗೆ ಹೋಗಿ, ಇದು ನನ್ನ ಪರೀಕ್ಷೆ, ಇವರು ಬರದಿದ್ದರೆ ಫೇಲಾಗುತ್ತೇನೆ ಎಂದೆ. ಪರೀಕ್ಷೆ ಎಂದ ಮೇಲೆ ಯಾವ ಗಂಡಸೂ ತಕರಾರು ಮಾಡಲಿಲ್ಲ. ಒಬ್ಬರಂತೂ ಹೆಂಡತಿಗೆ, ಮಗುವಿನ ಪರೀಕ್ಷೆ ಕೆಡಿಸಬೇಡ, ಹೇಳಿದಂತೆ ಕೇಳು ಎಂದು ಬುದ್ಧಿ ಹೇಳಿ ಕಳಿಸಿದರು.

ದಸರಾ ರಜೆಯಲ್ಲಿ ಒಂದು ದಿನ ಬೆಳಿಗ್ಗೆ ವ್ಯಾನ್ ಬಂತು. ಊಟ ತರಬೇಡಿ ಎಂದು ನಾನು ಎರಡು ಸಲ ಹೇಳಿದ್ದೆ. ಎಲ್ಲರ ಚೀಲದಲ್ಲೂ ಕೋಡುಬಳೆ, ನಿಪ್ಪಟ್ಟು, ಅವಲಕ್ಕಿ. ಒಬ್ಬರು ದೊಡ್ಡ ಸ್ಟೀಲ್ ಡಬ್ಬಿ ತುಂಬ ಚಿತ್ರಾನ್ನ ತಂದಿದ್ದರು. ಮೇಡಂ ತುಮಕೂರಿನಲ್ಲಿ ಹತ್ತಿದರು, ಕೈಯಲ್ಲಿ ಅಂಕದ ಹಾಳೆ. ಅವರನ್ನು ನೋಡಿ ಏಳೂ ಜನ ಒಟ್ಟಿಗೆ ಎದ್ದು ನಿಂತರು. ಮೇಡಂ ಗಾಬರಿಯಾಗಿ, ನಾನು ಇನ್ಸ್‌ಪೆಕ್ಷನ್ನಿಗೆ ಬಂದವಳಲ್ಲ, ಕೂತುಕೊಳ್ಳಿ ಎಂದರು.

ತಟ್ಟೆ ಇಡ್ಲಿ ತಿನ್ನಲು ಹೋಟೆಲಿಗೆ ಕರೆದುಕೊಂಡು ಹೋದೆ. ಇಡ್ಲಿಯನ್ನು ಒತ್ತಿ ನೋಡಿ, ಮುರಿದು ನೋಡಿ, ಅಕ್ಕಿಗೆ ಎಷ್ಟು ಉದ್ದು ಹಾಕಿರಬಹುದೆಂದು ಅವರಲ್ಲೇ ಚರ್ಚೆಯಾಯಿತು. ತಿಂದ ತಟ್ಟೆಯನ್ನು ಬಿಟ್ಟು ಏಳುವುದು ಮಾತ್ರ ಅವರಿಂದ ಆಗಲಿಲ್ಲ. ಅಮ್ಮ ಎಲ್ಲರ ತಟ್ಟೆ ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡಳು. ನಾನು ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟೆ. ಅವಳಿಗೆ ನಾಚಿಕೆಯಾಯಿತು. ನನಗೂ ಸ್ವಲ್ಪ ಆಯಿತು.

ಹೆಬ್ಬೂರು ದಾಟಿ ಕುಣಿಗಲ್ ತಲುಪಿದಾಗ ಬಿಸಿಲೇರಿತ್ತು. ಕೆರೆಯ ಬಳಿ ನಾನು ಇಟ್ಟುಕೊಂಡಿದ್ದು ಹದಿನೈದು ನಿಮಿಷ. ಅವರು ಏರಿಯ ಮೇಲೆ ಸಾಲಾಗಿ ನಿಂತು ನೀರು ನೋಡತೊಡಗಿದರು. ನಾನು ಕೆರೆಯ ಕಥೆ ಶುರುಮಾಡಿದವಳು ಅವರ ಕಾಲುಗಳನ್ನು ನೋಡಿದೆ. ಹದಿನಾಲ್ಕು ಕಾಲುಗಳಲ್ಲಿ ಒಂದೂ ಅಲುಗಾಡುತ್ತಿರಲಿಲ್ಲ. ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಮರದ ನೆರಳಲ್ಲಿ ಕೂತರು. ಕೋಡುಬಳೆ ಹೊರಬಂತು, ಯಾರದೋ ಮದುವೆಯ ಮಾತು ಬಂತು, ನಗು ಬಂತು. ಮೇಡಂ ಎರಡು ಸಲ ವಾಚು ನೋಡಿ ಏನೋ ಬರೆದುಕೊಂಡರು. ಒಂದು ಗಂಟೆಯ ಮೇಲಾಯಿತು.  ಆದರೂ ಏಳಿ ಎನ್ನಲು ನನಗೆ ಮನಸ್ಸಾಗಲಿಲ್ಲ.

ಹುತ್ರಿದುರ್ಗದಲ್ಲಿ ನಿಜವಾದ ತೊಂದರೆ ಎದುರಾಯಿತು. ಬೆಟ್ಟದ ಮೇಲಿನ ಕೋಟೆ ಸುತ್ತುಸುತ್ತಾಗಿ ಇದೆ. ಒಂದು ಬಾಗಿಲು ದಾಟಿದರೆ ಮತ್ತೊಂದು ಏರು. ಎರಡನೇ ಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡಕ್ಕ ಮಂಡಿ ಹಿಡಿದು ಕೂತುಬಿಟ್ಟರು. ನಾನು ಮೊದಲೇ ಒಂದು ಸಲ ಬಂದು ದಾರಿ ನೋಡಿಕೊಂಡು ಹೋಗಿದ್ದೆ, ನನ್ನ ಇಪ್ಪತ್ತರ ಕಾಲಲ್ಲಿ. ಅರವತ್ತಕ್ಕೆ ಹತ್ತಿರದ, ವರ್ಷಗಟ್ಟಲೆ ಒಲೆಯ ಮುಂದೆ ನಿಂತ ಕಾಲಿನ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ನೀವು ಹೋಗಿಬನ್ನಿ, ನಾನು ಇಲ್ಲೇ ಇರುತ್ತೇನೆ ಎಂದು ದೊಡ್ಡಕ್ಕ ಹೇಳಿದರು. ಅವರನ್ನು ಬಿಟ್ಟು ಹೋಗಲು ಯಾರೂ ಒಪ್ಪಲಿಲ್ಲ. ಸರಿ, ಇಲ್ಲಿಂದಲೇ ಇಳಿಯೋಣ ಎಂದು ನಾನು ಹೇಳಿದೆ. 

ಆಗ ಅಮ್ಮ ಮಾತಾಡಿದಳು. ಅವಳು ಆಗಲೇ ನಾಲ್ಕು ಹೆಜ್ಜೆ ಮುಂದೆ ಬಂಡೆಯ ಮೇಲಿದ್ದಳು, ಕಣ್ಣು ಬೆಟ್ಟದ ನೆತ್ತಿಯ ಕಡೆಗಿತ್ತು.

"ನಾನು ಮೇಲಕ್ಕೆ ಹೋಗ್ಬೇಕು ಕಣೆ," ಎಂದಳು.

ನನಗೆ ತಿಳಿದಂತೆ ಅಮ್ಮ 'ನನಗೆ ಬೇಕು' ಎಂದದ್ದು ಅದೇ ಮೊದಲು. ಎಲ್ಲರೂ ಅವಳನ್ನೇ ನೋಡಿದರು. ಮೇಡಂ ಅಂಕದ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿ, ಬಾಗಿಲ ನೆರಳಿನಲ್ಲಿ ದೊಡ್ಡಕ್ಕನ ಪಕ್ಕ ಕೂತರು. ನೀನು ಕರ್ಕೊಂಡು ಹೋಗು, ಇವರ ಜೊತೆ ನಾನಿರ್ತೀನಿ ಎಂದರು.

ನಾವು ಏಳು ಜನ ಹತ್ತಿದೆವು. ಕೆಲವು ಕಡೆ ಬಂಡೆಯಲ್ಲಿ ಕೊರೆದ ಮೆಟ್ಟಿಲು, ಕೆಲವು ಕಡೆ ಕೈ ಊರಿ ಹತ್ತಬೇಕು. ಚಪ್ಪಲಿ ಕೈಗೆ ಬಂತು, ಸೆರಗು ಸೊಂಟಕ್ಕೆ ಹೋಯಿತು. ನೆತ್ತಿಯ ಮೇಲೆ ಗಾಳಿಯೋ ಗಾಳಿ. ಕೆಳಗೆ ರಾಗಿ ಹೊಲ, ತೆಂಗಿನ ತೋಟ, ಅಲ್ಲೊಂದು ಇಲ್ಲೊಂದು ಕೆರೆ. ಪಾಳೇಗಾರರು, ಕೋಟೆಯ ಸುತ್ತುಗಳು ಎಂದು ನಾನು ಸಿದ್ಧಪಡಿಸಿದ್ದನ್ನು ಹೇಳಿದೆ. ಅಂದು ನನ್ನ ದನಿ ನಡುಗಲಿಲ್ಲ. ಎಲ್ಲ ಕೇಳಿದ ಮೇಲೆ ಅಮ್ಮ, ನಮ್ಮೂರು ಯಾವ ಕಡೆ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅಮ್ಮ ನೆತ್ತಿ ದಾಟಿ ವಾಲಿದ್ದ ಸೂರ್ಯನನ್ನು ನೋಡಿ, ನಾವು ಬಂದ ರಸ್ತೆಯನ್ನು ನೋಡಿ, ವಾಯವ್ಯದ ಕಡೆ ಕೈ ತೋರಿಸಿ, ಅಲ್ಲಿರಬೇಕು ಎಂದಳು. ಅಲ್ಲಿ ಮಬ್ಬು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವಳು ಮಾತ್ರ ಕಂಡಂತೆಯೇ ನಿಂತಿದ್ದಳು.

"ಇಲ್ಲಿಗೆ ಸ್ಕೂಲ್ ಬೆಲ್ಲು ಕೇಳ್ಸಲ್ಲ, ಅಲ್ವೇನೇ," ಎಂದಳು ಕೊನೆಗೆ. ನಾನು ಇಲ್ಲ ಎಂದೆ.

ಇಳಿದು ಬಂದಾಗ ಮೇಡಂ ಮತ್ತು ದೊಡ್ಡಕ್ಕ ಚಿತ್ರಾನ್ನದ ಡಬ್ಬಿ ಮಧ್ಯೆ ಇಟ್ಟುಕೊಂಡು ಹಳೇ ಪರಿಚಯದವರ ಹಾಗೆ ಕೂತಿದ್ದರು. ಊಟಕ್ಕೆ ಬೆಟ್ಟದ ಬುಡದ ಒಂದು ರೈತರ ಮನೆಯಲ್ಲಿ ಹೇಳಿಟ್ಟಿದ್ದೆ. ಎರಡು ಗಂಟೆ ತಡವಾದರೂ ಆ ಮನೆಯ ಹೆಂಗಸು ಮುಖ ಗಂಟಿಕ್ಕದೆ, ಮುದ್ದೆಗೆ ಎಸರಿಟ್ಟು ಕಾಯುತ್ತಿದ್ದರು. ಎಲೆ ಹಾಕಿದ್ದೇ ತಡ, ನಮ್ಮವರೆಲ್ಲ ಬಡಿಸಲು ಎದ್ದರು. ಆಕೆ ಹುರುಳಿಕಾಳಿನ ಬಸ್ಸಾರಿನ ಪಾತ್ರೆ ಹಿಡಿದು ಬಾಗಿಲಿಗೇ ಅಡ್ಡ ನಿಂತರು.

"ಕುಂತ್ಕಳ್ರವ್ವ. ನಮ್ಮನೆ ಒಲೆ ಹತ್ರ ನಿಮ್ಗೇನ್ ಕೆಲ್ಸ?"

ಒಬ್ಬೊಬ್ಬರಾಗಿ ಕೂತರು. ದಿನವಿಡೀ ಹೆಚ್ಚು ಮಾತಾಡದ ಒಬ್ಬರು, ಪಕ್ಕದ ಶಾಲೆಯ ಅಡುಗೆಯವರು, ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ಮಕ್ಕಳಿಗೆಲ್ಲ ಬಡಿಸಿ ತಾವು ಉಣ್ಣುವ ಹೊತ್ತಿಗೆ ಎಲ್ಲ ಆರಿರುತ್ತದೆ, ಕೈ ಸುಡುವ ಊಟ ಮಾಡಿ ಎಷ್ಟು ವರ್ಷವಾಯಿತೋ ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.  ಮನೆಯಾಕೆ ಅವರ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಮರುವಾರ ಮೇಡಂ ನನ್ನನ್ನು ಕರೆದು ಅಂಕದ ಹಾಳೆ ತೋರಿಸಿದರು. ಸಮಯಪಾಲನೆಗೆ ಬಹಳ ಕಡಿಮೆ ಬಂದಿತ್ತು. ಹತ್ತಲಾಗದವರಿಗೆ ಬೇರೆ ವ್ಯವಸ್ಥೆ ಮಾಡದಿದ್ದುದಕ್ಕೂ ಕತ್ತರಿ ಬಿದ್ದಿತ್ತು. ಅದು ನ್ಯಾಯವೇ ಆಗಿತ್ತು. ತರಗತಿಯಲ್ಲಿ ನನಗಿಂತ ಹೆಚ್ಚು ತೆಗೆದವರು ಐದಾರು ಜನ ಇದ್ದರು. ಅದನ್ನೆಲ್ಲ ವಿವರಿಸಿ ಮುಗಿಸಿದ ಮೇಲೆ, ದೊಡ್ಡಕ್ಕನ ಮಂಡಿ ಈಗ ಹೇಗಿದೆ ಎಂದು ಕೇಳಿದರು. ಬಾಗಿಲ ನೆರಳಿನಲ್ಲಿ ಅವರು ಮೇಡಂಗೆ ಮುನ್ನೂರು ಜನರ ಸಾಂಬಾರಿಗೆ ಉಪ್ಪು ಹಾಕುವ ಲೆಕ್ಕ ಹೇಳಿಕೊಟ್ಟರಂತೆ. ಮೇಡಂ ಅದನ್ನು ಬರೆದುಕೊಂಡಿದ್ದರು.

ನಾನೀಗ ತುಮಕೂರಿನ ಒಂದು ಚಿಕ್ಕ ಟ್ರಾವೆಲ್ಸ್ ಆಫೀಸಿನಲ್ಲಿದ್ದೇನೆ. ಬುಕಿಂಗ್ ನನ್ನ ದಿನದ ಕೆಲಸ. ರಜೆ ಬಂದಾಗ ಹೆಂಗಸರ ಗುಂಪುಗಳನ್ನು ಕರೆದುಕೊಂಡು ಹೋಗುತ್ತೇನೆ. ಅಂಗನವಾಡಿಯವರು, ಗಾರ್ಮೆಂಟ್ಸಿನವರು, ಶೆಟ್ಟಿಹಳ್ಳಿಯ ಒಂದು ಬೀದಿಯ ಅಷ್ಟೂ ಅತ್ತೆ-ಸೊಸೆಯರು. ಹೊರಡುವ ಮುಂಚೆ ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲಿ, ಕೂರಲು ನೆರಳಿದೆಯಾ ಎಂದು ಹೋಗಿ ನೋಡಿಕೊಂಡು ಬರುತ್ತೇನೆ.

ಹೋದ ಬೇಸಿಗೆಯಲ್ಲಿ ಆ ಏಳು ಜನವೇ ಸಮುದ್ರ ನೋಡಬೇಕೆಂದರು. ರಾತ್ರಿ ಒಂದು ಊರಲ್ಲಿ ತಂಗಬೇಕಾಗುತ್ತದೆ ಎಂದೆ. ಪರವಾಗಿಲ್ಲ ಎಂದರು. ಅಮ್ಮ ಕಿಟಕಿ ಪಕ್ಕದ ಸೀಟು ತನಗೇ ಎಂದು ಮೊದಲೇ ಹೇಳಿಬಿಟ್ಟಳು. ಸಮುದ್ರದ ದಡದಲ್ಲಿ ನೀರಿಗೆ ತೀರಾ ಹತ್ತಿರ, ಗಟ್ಟಿ ಮರಳು ನೋಡಿ, ನಾನು ದೊಡ್ಡಕ್ಕನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಅವರು ಅದರಲ್ಲಿ ಕೂರಲೇ ಇಲ್ಲ. ಮರಳಿನ ಮೇಲೆ ಕಾಲು ಚಾಚಿ ಕೂತು, ಸೀರೆ ನೆನೆಯುವವರೆಗೂ ಅಲೆ ಬಂದು ಹೋಗುವುದನ್ನು ನೋಡುತ್ತಿದ್ದರು. ಅಮ್ಮ ಅವರ ಪಕ್ಕ ಕೂತು, ಅಲೆಗೆ ಸಿಗದಂತೆ ತನ್ನ ಚಪ್ಪಲಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು.