ರತ್ನತ್ತೆಯ ಜೀಪಿನ ಹುಕ್ಕು

ನನ್ನ ಸೋದರತ್ತೆ ರತ್ನಮ್ಮ ಬಂದವರನ್ನು ಕಾಲಿನಿಂದ ಮಾತಾಡಿಸುತ್ತಿದ್ದರು. ಬಿಳಿಗೆರೆಯ ಅವರ ಅಂಗಳಕ್ಕೆ ಹೋದರೆ ಹಳೆಯ ಜೀಪಿನ ಅಡಿಯಿಂದ ಎರಡು ಪಾದಗಳು ಹೊರಚಾಚಿರುತ್ತಿದ್ದವು. ಬೆರಳಲ್ಲಿ ಬೆಳ್ಳಿಯ ಕಾಲುಂಗುರ, ಹಿಮ್ಮಡಿಯ ತುಂಬ ಗ್ರೀಸು. "ಚೆನ್ನಾಗಿದೀರಾ ಅತ್ತೆ?" ಎಂದರೆ ಹೆಬ್ಬೆರಳು ಅಲ್ಲಾಡುತ್ತಿತ್ತು. ಆಮೇಲೆ ಒಳಗಿನಿಂದ ದನಿ: "ಕಾಫಿ ಕುಡ್ಕಂಡು ಹೋಗು. ಮಾವಂಗೆ ಹೇಳು, ಕಾಸ್ತಾರೆ."

ಜೀಪು ಅತ್ತೆಯ ಮಾವನವರ ಕಾಲದ್ದು. ಅತ್ತೆಯ ಗಂಡ ನಂಜಪ್ಪ ಮಾವನಿಗೆ ಸ್ಟೀರಿಂಗ್ ಮುಟ್ಟುವ ಧೈರ್ಯವಿರಲಿಲ್ಲ. ಹಾಗಾಗಿ ಓಡಿಸುವುದನ್ನು ಅತ್ತೆಯೇ ಕಲಿತರು, ಆಮೇಲೆ ಬಿಚ್ಚುವುದನ್ನೂ ಕಲಿತರು. ಮಾವ ಅಂಗಳದಲ್ಲಿ ನಿಂತು ಹೆದರಿಕೊಳ್ಳುವ ಕೆಲಸವನ್ನು ಇಟ್ಟುಕೊಂಡರು.

ತೋಟದಿಂದ ತೆಂಗಿನಕಾಯಿ ತರಲು ಪ್ರತಿ ಸಲವೂ ಬೇರೆಯವರ ಟ್ರ್ಯಾಕ್ಟರಿಗೆ ಕಾಯಬೇಕಿತ್ತು. ಟ್ರ್ಯಾಕ್ಟರಿನವನು "ನಾಳೆ ಬತ್ತೀನಿ ಕಣಕ್ಕ" ಎನ್ನುವನು. ಆ ನಾಳೆ ಬರುವ ಹೊತ್ತಿಗೆ ಕಾಯಿ ಮೊಳಕೆ ಒಡೆದಿರುತ್ತಿತ್ತು. ರೋಸಿಹೋದ ಅತ್ತೆ ಚಿಕ್ಕನಾಯಕನಹಳ್ಳಿಯ ನೆಂಟರ ಮನೆಯಲ್ಲಿ ಸುಮ್ಮನೆ ನಿಂತಿದ್ದ ಎರಡು ಗಾಲಿಯ ಪುಟ್ಟ ಟ್ರೇಲರ್ ತರಿಸಿದರು. ಇನ್ನು ಜೀಪಿನ ಹಿಂದೆ ಒಂದು ಹುಕ್ಕು ಬೇಕು. ತಿಪಟೂರಿನ ಗ್ಯಾರೇಜಿನವನು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದನಂತೆ: "ಅಕ್ಕಾ, ಹುಕ್ಕು ಹಿಂದಕ್ಕೆ ಬ್ಯಾಡ, ಮುಂದಕ್ಕೆ ಹಾಕ್ಸಿ. ಬೇರೆಯೋರು ಇದನ್ನ ಎಳ್ಕಂಡೋಗಕ್ಕೆ ಅನುಕೂಲ ಆಯ್ತದೆ."

ಅತ್ತೆ ಹುಕ್ಕು, ಬೋಲ್ಟು, ನಟ್ಟುಗಳನ್ನು ಕೊಂಡು ಸೀದಾ ಮನೆಗೆ ಬಂದರು.

ನಾನು ತುರುವೇಕೆರೆಯಲ್ಲಿ ಪಾಠ ಮಾಡುವವಳು. ರಜೆಗೆಂದು ಆಗ ಅಲ್ಲೇ ಇದ್ದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು, ಹಿಂದಿನ ಬಂಪರಿಗೆ ತೂತು ಕೊರೆದು ಹುಕ್ಕು ಬಿಗಿದರು.

"ಬಂಪರ್ರು ತಗಡು ಕಣೇ, ತಡೆಯಾಕಿಲ್ಲ" ಎಂದರು ಮಾವ.

"ನೀವು ಸುಮ್ಕಿರ್ರೀ. ನಿಮ್ಮುನ್ನೇ ಇಷ್ಟು ವರ್ಷ ತಡಕಂಡಿಲ್ವಾ ನಾನು?"

ತೋಟದಲ್ಲಿ ಟ್ರೇಲರಿಗೆ ಕಾಯಿ ತುಂಬಿದ್ದಾಯಿತು. ಅತ್ತೆಯ ಪಕ್ಕ ಕೂರಲು ಹೆದರಿದ ಮಾವ ಕಾಯಿರಾಶಿಯ ಮೇಲೇರಿ ಕುಳಿತರು. ಜೀಪು ಗುರ್ರೆಂದು ಹೊರಟಿತು. ಬಂಪರು ಹೊರಡಲಿಲ್ಲ. ಅದು ಕಳಚಿಕೊಂಡು ಟ್ರೇಲರಿನ ಜೊತೆಯೇ ಉಳಿಯಿತು. ಟ್ರೇಲರ್ ಮೂತಿ ನೆಲಕ್ಕೆ ಊರಿತು. ಕಾಯಿಗಳ ಜೊತೆ ಮಾವನೂ ಜಾರುತ್ತ ಬಂದು ಬದುವಿನ ಮೇಲೆ ಕುಳಿತರು. ಏಟೇನೂ ಆಗಲಿಲ್ಲ. ಅತ್ತೆ ಮಾತ್ರ "ಗಟ್ಟಿಯಾಗಿ ಹಿಡ್ಕಳ್ರೀ!" ಎಂದು ಹಿಂದಕ್ಕೆ ಕೂಗುತ್ತಲೇ ರಸ್ತೆಯವರೆಗೂ ಹೋಗಿ, ಉತ್ತರ ಬಾರದ್ದಕ್ಕೆ ತಿರುಗಿ ನೋಡಿದರು.

ವಾಪಸು ಬಂದು, ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಹುಕ್ಕನ್ನು ಅಲ್ಲಾಡಿಸಿ ನೋಡಿದರು. "ನೋಡೇ, ಹುಕ್ಕು ಒಂಚೂರೂ ಅಲ್ಲಾಡಿಲ್ಲ. ಜೀಪೇ ಸರಿಯಿಲ್ಲ ಕಣೇ!"

"ಈ ಗಾಡಿ ಮನೇಲಿದ್ರೆ ನಾನಿರಾಕಿಲ್ಲ" ಎಂದು ಮಾವ ಮಣ್ಣು ಕೊಡವಿಕೊಂಡು ಎದ್ದರು.

"ಹೋಗ್ರೀ. ಬಸ್‌ಸ್ಟ್ಯಾಂಡಿಗೆ ಬಿಡಕ್ಕೆ ನಾನೇ ಬರ್ಬೇಕಲ್ಲ?"

ಮಾವ ಎರಡು ದಿನ ಮಾತು ಬಿಟ್ಟರು. ಅತ್ತೆ ಒಳಗೊಳಗೇ ಅಳುಕಿದ್ದರೆಂದು ಕಾಣುತ್ತದೆ. ಈ ಸಲ ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು ಅಡಿಗೆ ಇಳಿದರು. ತೆಂಗಿನಕಾಯಿ ತಟ್ಟಿ ನೋಡುವಂತೆ ಸುತ್ತಿಗೆಯಿಂದ ಜೀಪಿನ ಅಡಿಚೌಕಟ್ಟಾದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ, "ಇದು ಬಲಿತದ್ದು... ಇದು ಕೊಳೆತದ್ದು" ಎಂದು ಗೊಣಗುತ್ತ ಗಟ್ಟಿ ಕಬ್ಬಿಣ ಹುಡುಕಿದರು. ತುಕ್ಕು ಕೆರೆದು, ದಪ್ಪ ಪಟ್ಟಿ ಇಟ್ಟು, ಚಾಸಿಗೇ ಬೋಲ್ಟು ಹಾಕಿದರು. ನಟ್ಟು ಬಿಗಿಯುವಾಗ ಸ್ಪ್ಯಾನರ್ ಕೈಗೆಟುಕದೆ ಅತ್ತೆಯ ಕೈ ತಡಕಾಡಿತು. ಮಾತು ಬಿಟ್ಟಿದ್ದ ಮಾವ ಅತ್ತಿತ್ತ ನೋಡಿ, ಸ್ಪ್ಯಾನರನ್ನು ಮೆಲ್ಲಗೆ ಕಾಲಿನಿಂದ ಒಳಕ್ಕೆ ತಳ್ಳಿದರು. ಒಳಗಿನಿಂದ ನಗು ಕೇಳಿತು.

ಮುಂದಿನ ಮಳೆಗಾಲದಲ್ಲಿ ಸಂಪಿಗೆ ಊರಿನಲ್ಲಿ ನೆಂಟರ ಮದುವೆ. ಅತ್ತೆ ಟ್ರೇಲರ್ ತುಂಬ ಎಳನೀರು ಹೇರಿಕೊಂಡು ಹೊರಟರು. ದಾರಿಯಲ್ಲಿ ನೋಡಿದರೆ ಗಂಡಿನ ಕಾರು ಕೆಸರಿನಲ್ಲಿ ಹೂತು ನಿಂತಿದೆ. ಮುಹೂರ್ತ ಹತ್ತಿರ. ಜೀಪಿನ ತುಂಬ ಆಗಲೇ ನಾವು ಹೆಂಗಸರು, ಮಕ್ಕಳು, ನಡುವೆ ಒತ್ತಿಕೊಂಡು ಮಾವ.

"ಹತ್ತಪ್ಪಾ ಟ್ರೇಲರಿಗೆ" ಎಂದರು ಅತ್ತೆ.

ಮದುಮಗ ತನ್ನ ರೇಷ್ಮೆ ಪಂಚೆ ನೋಡಿಕೊಂಡ. "ಇದು... ಗಟ್ಟಿಯಾಗೈತಾ?"

ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಜೀಪಿನಿಂದ ಇಳಿದರು. ಟ್ರೇಲರ್ ಹತ್ತಿ, ಎಳನೀರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೈ ಚಾಚಿದರು. "ಬಾ ಮಗಾ. ನಮ್ಮೋಳು ಹಾಕಿರೋ ಹುಕ್ಕು."

ಅತ್ತೆ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದೆ ನೋಡುತ್ತ, ಹಾಲಿನ ಕೊಡ ಹೊತ್ತವರಂತೆ ಜೀಪು ಓಡಿಸಿದರು. ಛತ್ರದ ಬಾಗಿಲಲ್ಲಿ ಮದುಮಗ ಎಳನೀರಿನ ಗೊನೆಗಳ ನಡುವಿನಿಂದ ಇಳಿದಾಗ ವಾಲಗದವರು ಊದುವುದನ್ನು ಬಿಟ್ಟು ನಕ್ಕರು.

ಹೋದ ವರ್ಷ ಅತ್ತೆಗೆ ಎದೆನೋವು ಬಂತು. ನೋಡಲು ಹೋದಾಗ ಮಂಚದ ಮೇಲಿದ್ದರು. ಮಾವ ಅಡುಗೆಮನೆಗೆ ಹೋದದ್ದೇ, ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ನಿಮ್ಮಾವಂಗೆ ಡ್ರೈವಿಂಗ್ ಕಲುಸ್ತಿದ್ದೆ ಕಣೇ. ಯಾರ್ಗೂ ಹೇಳ್ಬ್ಯಾಡ, ನಾಚ್ಕಂತಾರೆ. ಎರಡ್ನೇ ಗೇರಿಗೆ ಬಂದವ್ರೆ." ಹೇಳಿ, ಹುಡುಗಿಯಂತೆ ಕಣ್ಣು ಮಿಟುಕಿಸಿದರು. ಅದೇ ತಿಂಗಳು ಹೋಗಿಬಿಟ್ಟರು.

ಮೊನ್ನೆ ಮಾವ ನನ್ನನ್ನು ತಿಪಟೂರಿನ ಬಸ್ಸಿಗೆ ಬಿಡಲು ಜೀಪು ತೆಗೆದರು. ರಸ್ತೆ ಖಾಲಿಯಿದ್ದರೂ ಇಂಜಿನ್ ಅರಚುತ್ತಲೇ ಇತ್ತು. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ ಹೋದರು.

"ಮೂರನೇ ಗೇರ್ ಹಾಕಿ ಮಾವ" ಎಂದೆ.

ಮಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಅಷ್ಟ್ರೊಳಗೆ ಹೋಗ್ಬುಟ್ಲು ಕಣಮ್ಮ" ಎಂದರು.